ಹಟ್ಟಿಯ ಹಳೇ ಗಣಿ: ಬೆಂಕಿ ಹಚ್ಚಿ 640 ಅಡಿ ಇಳಿದದ್ದು ಹೇಗೆ, ನಿಂತದ್ದು ಯಾಕೆ

ಕೋಲಾರದ ಗಣಿಗಳು 2001ರಲ್ಲಿ ಬಾಗಿಲು ಹಾಕಿದ ಮೇಲೆ, ನೆಲದಡಿಯ ಅದಿರಿನಿಂದ ಹೇಳಿಕೊಳ್ಳುವಷ್ಟು ಚಿನ್ನ ತೆಗೆಯುತ್ತಿರುವ ಊರು ದೇಶದಲ್ಲಿ ಹಟ್ಟಿಯೇ. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು. ಹಟ್ಟಿ ಗೋಲ್ಡ್ ಮೈನ್ಸ್ ಕಂಪನಿಯ ಹೆಡ್‌ಗೇರ್, ಅಂದರೆ ಗಣಿಬಾಯಿಯ ಮೇಲೆ ಹಗ್ಗದ ಗಾಲಿ ಹೊತ್ತ ಗೋಪುರ, ದೂರದಿಂದಲೇ ಕಾಣುತ್ತದೆ, ಫೋಟೊದಲ್ಲಿ ಬರುವುದೂ ಅದೇ. ಆದರೆ ಕಂಪನಿಗಿಂತ ಬಹಳ ಮುಂಚೆ ಇದೇ ಕಲ್ಲಿನೊಳಗೆ ಜನ 640 ಅಡಿ, ಅಂದರೆ 195 ಮೀಟರ್ ಇಳಿದಿದ್ದರು. ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ನಾಲ್ಕು ಹಿಡಿಸುವಷ್ಟು ಆಳ. ಹಳೇ ಗಣಿಯೊಳಗೆ ಸಿಕ್ಕ ಮರದ ಕಾರ್ಬನ್ ಪರೀಕ್ಷೆ ಸುಮಾರು 2000 ವರ್ಷದ ಹಿಂದಿನ ಕಾಲ ತೋರಿಸುತ್ತದೆ. ಸಿಡಿಮದ್ದಿಲ್ಲ, ಪಂಪಿಲ್ಲ, ಫ್ಯಾನಿಲ್ಲ.

ಅಷ್ಟು ಆಳಕ್ಕೆ ಹೋದವರು ಅಲ್ಲಿಗೇ ಯಾಕೆ ನಿಂತರು ಅಂದರೆ ಸಾಮಾನ್ಯವಾಗಿ ಬರುವ ಉತ್ತರ, ಚಿನ್ನ ಮುಗಿಯಿತು ಎಂದು. ಅದು ತಪ್ಪು. ಅದೇ ರೀಫ್‌ಗಳನ್ನೇ, ಅಂದರೆ ಚಿನ್ನವಿರುವ ಕಲ್ಲಿನ ಪಟ್ಟಿಗಳನ್ನೇ ಹಿಡಿದು ಈಗಿನ ಗಣಿ ಅದರ ಎಷ್ಟೋ ಪಟ್ಟು ಕೆಳಗೆ ಇಳಿದಿದೆ. ಅವರನ್ನು ತಡೆದದ್ದು ಹೊಗೆ, ನೀರು ಮತ್ತು ಹೊರೆ. ಈ ಮೂರನ್ನೂ ಬಿಡಿಸಿ ನೋಡಿದರೆ ಹಳೇ ಗಣಿಯೂ ಅರ್ಥವಾಗುತ್ತದೆ, ಇವತ್ತಿನ ಶಾಫ್ಟೂ (ಗಣಿಗೆ ಇಳಿಯುವ ಬಾವಿ) ಅರ್ಥವಾಗುತ್ತದೆ.

ಮೊದಲು ಕಲ್ಲು. ಹಟ್ಟಿ–ಮಸ್ಕಿ ಶಿಲಾಪಟ್ಟಿ ಕೊಕ್ಕೆಯ ಹಾಗೆ ಬಾಗಿದ ಒಂದು ಹಳೇ ಲಾವಾ ಪಟ್ಟಿ, 250 ಕೋಟಿ ವರ್ಷಕ್ಕೂ ಹಿಂದಿನದು. ಸುತ್ತ ಗ್ರಾನೈಟು, ನಡುವೆ ಕಾವು ಒತ್ತಡಗಳಿಂದ ರೂಪ ಬದಲಾದ ಕಪ್ಪು ಹಸಿರು ಬಸಾಲ್ಟು. ಈ ಬಸಾಲ್ಟಿನಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಸೀಳುಗಳಿವೆ, ಸೀಳಿನಲ್ಲಿ ಬೆಣಚುಕಲ್ಲು, ಬೆಣಚಿನಲ್ಲೂ ಅದರ ಅಂಚಿನ ಕಲ್ಲಿನಲ್ಲೂ ಚಿನ್ನ. ಓಕ್ಲೀಸ್, ಮಿಡಲ್, ಮೇನ್, ಸ್ಟ್ರೈಕ್, ವಿಲೇಜ್ ಎಂದು ರೀಫ್‌ಗಳಿಗೆ ಹೆಸರಿಟ್ಟಿದ್ದಾರೆ. ಎಲ್ಲವೂ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹೋಗುತ್ತವೆ, ಪಶ್ಚಿಮಕ್ಕೆ ಕಡಿದಾಗಿ ವಾಲಿವೆ. ಕೆಲವು ಕಡೆ ಆಳೆತ್ತರ ಅಗಲ, ಕೆಲವು ಕಡೆ ಒಂದು ಮೊಳವೂ ಇಲ್ಲ.

ಹಾಗಾಗಿ ಹಳೇ ಗಣಿ ಎಂದ ಕೂಡಲೇ ದುಂಡನೆಯ ಬಾವಿ ಕಲ್ಪಿಸಿಕೊಳ್ಳಬಾರದು. ಅದು ರೀಫ್ ಇದ್ದಷ್ಟೇ ಅಗಲದ, ರೀಫ್ ವಾಲಿದ ಕಡೆಗೇ ವಾಲಿದ ಉದ್ದನೆಯ ಸೀಳು. ಮೇಲೆ ಕಂದಕದಂತೆ ಶುರುವಾಗಿ, ಚಿನ್ನ ದಟ್ಟವಾಗಿರುವ ಕಡೆ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಬರೀ ಕಲ್ಲನ್ನು ಅವರು ಕೈಲಾದಷ್ಟು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಅದನ್ನೂ ಹೊತ್ತು ಮೇಲೆ ತರಬೇಕಲ್ಲ.

ಒಡೆದದ್ದು ಬೆಂಕಿಯಿಂದ. ಕೆಲಸದ ಕ್ರಮ ಹೀಗೆ. ಒಣ ಕಟ್ಟಿಗೆಯನ್ನು ಕಲ್ಲಿನ ಮುಖಕ್ಕೆ ಒರಗಿಸಿ, ನಡುವೆ ಗಾಳಿ ಆಡುವ ಹಾಗೆ ಅಡ್ಡಡ್ಡ ಪೇರಿಸಬೇಕು. ಉರಿ ಕಲ್ಲಿಗೆ ನೇರ ತಾಗಬೇಕು. ದೂರದಲ್ಲಿ ಉರಿದರೆ ಕಾವೆಲ್ಲ ಹೊಗೆಯ ಜೊತೆ ಹೋಗುತ್ತದೆ. ಬೆಣಚುಕಲ್ಲು 573 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದರ ಹರಳಿನ ಜೋಡಣೆ ಬದಲಾಗಿ ಒಮ್ಮೆಲೇ ಹಿಗ್ಗುತ್ತದೆ. ಹೊರ ಪದರ ಹಿಗ್ಗಿದೆ, ಒಳಗಿನ ಕಲ್ಲು ತಣ್ಣಗಿದೆ. ಎರಡರ ಜಗ್ಗಾಟದಲ್ಲಿ ಹೊರಪದರ ಚಕ್ಕೆಚಕ್ಕೆಯಾಗಿ ಸಿಡಿದು ಬೀಳುತ್ತದೆ. ಉರಿ ಆರಿದ ಮೇಲೆ ಸಡಿಲಾದ ಚಕ್ಕೆಗಳನ್ನು ಉಳಿ, ಸುತ್ತಿಗೆ, ಹಾರೆಯಂಥ ಕಬ್ಬಿಣದ ಕೋಲಿನಿಂದ ಎಬ್ಬಿಸಬೇಕು. ಒಂದು ಸಲದ ಬೆಂಕಿಗೆ ನಾಲ್ಕಾರು ಬೆರಳು ದಪ್ಪ ಕಲ್ಲು ಬಿಟ್ಟುಕೊಂಡರೆ ಒಳ್ಳೆಯ ಕೆಲಸ. ಮತ್ತೆ ಕಟ್ಟಿಗೆ, ಮತ್ತೆ ಬೆಂಕಿ.

ಕಾದ ಕಲ್ಲಿನ ಮೇಲೆ ನೀರು ಸುರಿದು ಒಡೆಯುತ್ತಿದ್ದರು ಎಂದು ಎಲ್ಲರೂ ಬರೆಯುತ್ತಾರೆ. ನೀರಿಗೆ ಅಷ್ಟು ಮಹತ್ವ ಕೊಡಬೇಕಾಗಿಲ್ಲ. ಮುಕ್ಕಾಲು ಕೆಲಸ ಬೆಂಕಿಯೇ ಮಾಡಿ ಮುಗಿಸಿರುತ್ತದೆ. ನೀರಿನಿಂದ ಸಿಗುವ ಮುಖ್ಯ ಲಾಭ, ಕಲ್ಲು ಬೇಗ ತಣ್ಣಗಾಗಿ ಮನುಷ್ಯ ಬೇಗ ಒಳಗೆ ಹೋಗಬಹುದು ಎನ್ನುವುದು. ಇಕ್ಕಟ್ಟಾದ ಸೀಳಿನಲ್ಲಿ ಸುರಿದರೆ ಬಿಸಿ ಹಬೆಯಲ್ಲಿ ಸುರಿದವನೇ ಬೇಯುತ್ತಾನೆ.

ಕಟ್ಟಿಗೆಯ ಲೆಕ್ಕ ಗಾಬರಿ ಹುಟ್ಟಿಸುತ್ತದೆ. ಕಲ್ಲಿನ ಗುಣ, ಕಟ್ಟಿಗೆಯ ಒಣಗು ನೋಡಿ ಹೆಚ್ಚುಕಡಿಮೆಯಾದರೂ, ಒಡೆಯುವ ಕಲ್ಲಿನ ತೂಕದ ಆಸುಪಾಸಿನಷ್ಟೇ ಕಟ್ಟಿಗೆ ಬೇಕು ಎಂದು ಇಟ್ಟುಕೊಳ್ಳಬಹುದು. ಒಂದು ಘನ ಮೀಟರ್ ಬೆಣಚು 2.65 ಟನ್ ತೂಗುತ್ತದೆ. ಅಂದರೆ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಗೆ ಎರಡು ಮೂರು ಟನ್ ಒಣ ಕಟ್ಟಿಗೆಯನ್ನು ಕೆಳಗೆ ಇಳಿಸಬೇಕು. ಹೊರೆ ಮೇಲಕ್ಕಷ್ಟೇ ಅಲ್ಲ, ಕೆಳಕ್ಕೂ ಇದೆ ಎನ್ನುವುದು ಬಹಳ ಜನರಿಗೆ ಹೊಳೆಯುವುದಿಲ್ಲ. ಈಗ ಜಾಲಿ ಬಿಟ್ಟರೆ ದೊಡ್ಡ ಮರ ಕಾಣದ ಈ ಸೀಮೆಯಲ್ಲಿ ಅಷ್ಟು ಕಟ್ಟಿಗೆ ಎಲ್ಲಿತ್ತು? ಇದ್ದಿರಲೇಬೇಕು, ಇಲ್ಲದೆ 640 ಅಡಿ ಇಳಿಯಲು ಆಗುತ್ತಿರಲಿಲ್ಲ. ಗಣಿ ನಿಲ್ಲಲು ಕಾಡು ಸವೆದದ್ದೂ ಒಂದು ಕಾರಣವಾಗಿರಬಹುದು.

ಬೆಂಕಿಯಿಂದ ಒಡೆದ ಜಾಗವನ್ನು ಗುರುತಿಸುವುದು ಸುಲಭ. ಗೋಡೆ ನುಣುಪಾಗಿ ಒಳಕ್ಕೆ ತಗ್ಗಿರುತ್ತದೆ, ಮೂಲೆಗಳು ದುಂಡಗಿರುತ್ತವೆ, ಉಳಿಯ ಗೆರೆ ಕಡಿಮೆ. ತಳದಲ್ಲಿ ಬೂದಿ, ಇದ್ದಿಲು, ಚಕ್ಕೆಕಲ್ಲು ಪದರಪದರವಾಗಿ ಕೂತಿರುತ್ತದೆ. ಮದ್ದಿಟ್ಟು ಒಡೆದ ಗೋಡೆಯಾದರೆ ಮೊನಚು ಮೂಲೆ, ಅರ್ಧ ಸೀಳಿದ ಕೊಳವೆಯಂತೆ ಉಳಿದ ರಂಧ್ರದ ಗುರುತು ಇರುತ್ತದೆ. ಒಂದೇ ಸುರಂಗದಲ್ಲಿ ಎರಡೂ ಕಂಡರೆ ಹಳಬರ ಕೆಲಸವನ್ನು ನಂತರದವರು ಅಗಲ ಮಾಡಿದ್ದಾರೆ ಎಂದರ್ಥ.

ಈಗ ಹೊಗೆ. ಮುಚ್ಚಿದ ಜಾಗದಲ್ಲಿ ಕಟ್ಟಿಗೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಟ್ಟಿಯ ಅದಿರಿನಲ್ಲಿ ಇನ್ನೊಂದು ಕಾಟವಿದೆ: ಆರ್ಸೆನಿಕ್, ಕಬ್ಬಿಣ, ಗಂಧಕ ಸೇರಿದ ಆರ್ಸೆನೊಪೈರೈಟ್ ಎಂಬ ಖನಿಜ. ಅದು ಬೆಂಕಿಗೆ ಬಿದ್ದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಜೊತೆಗೆ ಆರ್ಸೆನಿಕ್ಕಿನ ಬಿಳಿ ಹೊಗೆ ಏಳುತ್ತದೆ. ಅದೇ ಪಾಷಾಣ. ಹಾಗಾಗಿ ಉರಿಯುವಾಗ ಒಳಗೆ ಯಾರೂ ಇರುವಂತಿಲ್ಲ. ಸಂಜೆ ಹಚ್ಚಿ, ರಾತ್ರಿಯೆಲ್ಲ ಉರಿಯಲು ಬಿಟ್ಟು, ಹೊಗೆ ಹೋದ ಮೇಲೆ ಇಳಿಯುವುದೊಂದೇ ದಾರಿ.

ಹೊಗೆ ಹೋಗಬೇಕಾದರೆ ಎರಡು ಬಾಯಿ ಬೇಕು. ಒಂದರಲ್ಲಿ ತಣ್ಣನೆ ಗಾಳಿ ಇಳಿಯಬೇಕು, ಇನ್ನೊಂದರಲ್ಲಿ ಬಿಸಿ ಗಾಳಿ ಏರಬೇಕು, ತಳದಲ್ಲಿ ಎರಡಕ್ಕೂ ಸಂಪರ್ಕ ಇರಬೇಕು. ರೀಫ್ ಉದ್ದಕ್ಕೂ ಸಾಲಾಗಿ ತೋಡಿದ ಗುಂಡಿಗಳು ಒಳಗೊಳಗೇ ಸೇರಿದಾಗ ಈ ಏರ್ಪಾಡು ತಾನಾಗಿ ಆಗುತ್ತದೆ. ಕಾಲಮಾನವೂ ಲೆಕ್ಕಕ್ಕೆ ಬರುತ್ತದೆ. ಆಳದ ಕಲ್ಲಿನ ಕಾವು ವರ್ಷವಿಡೀ ಒಂದೇ ಸಮ, 30 ಡಿಗ್ರಿಯ ಅಕ್ಕಪಕ್ಕ. ಚಳಿಗಾಲದ ರಾತ್ರಿ ಹೊರಗಿನ ಗಾಳಿ ಅದಕ್ಕಿಂತ ತಂಪು, ಭಾರ. ಅದು ಇಳಿದು ಒಳಗಿನದನ್ನು ಮೇಲಕ್ಕೆ ತಳ್ಳುತ್ತದೆ. ರಾಯಚೂರಿನ ಏಪ್ರಿಲ್ ಹಗಲಿನಲ್ಲಿ ಇದು ತಲೆಕೆಳಗು: ಹೊರಗೆ 40 ದಾಟಿದ ಹಗುರ ಗಾಳಿ, ಒಳಗೆ ತಣ್ಣನೆ ಭಾರದ ಗಾಳಿ. ಅದು ಅಲ್ಲೇ ಕೂರುತ್ತದೆ, ಹೊಗೆಯೂ ಅಲ್ಲೇ ಕೂರುತ್ತದೆ. ಗಾಳಿಗೆ ಚಳಿಗಾಲ ಒಳ್ಳೆಯದು. ನೀರಿಗೆ ಕಡು ಬೇಸಿಗೆ ಒಳ್ಳೆಯದು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ನೀರಿನ ಮಾತಿಗೆ ಬಂದರೆ ಹಟ್ಟಿಯವರ ಅದೃಷ್ಟ ದೊಡ್ಡದು. ಈ ಭಾಗದ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಕೃಷ್ಣೆ ಉತ್ತರಕ್ಕೆ, ತುಂಗಭದ್ರೆ ದಕ್ಷಿಣಕ್ಕೆ, ಎರಡೂ ದೂರ. ಬಸಾಲ್ಟು ಗಟ್ಟಿ, ಬಿರುಕಿದ್ದರೆ ಮಾತ್ರ ನೀರು ಬರುತ್ತದೆ. ಮಲೆನಾಡಿನಲ್ಲಿ ಇದೇ ಕೈಕೆಲಸ ಐವತ್ತು ಅಡಿಗೇ ನಿಲ್ಲುತ್ತಿತ್ತು. ಆದರೂ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಒಂದೇ ಲೀಟರ್ ಒಸರಿದರೂ ದಿನಕ್ಕೆ 86,400 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ 5,760 ಕೊಡ, ದಿನವೂ, ಒಂದು ದಿನವೂ ಬಿಡದ ಹಾಗೆ. ಒಬ್ಬ 640 ಅಡಿ ಹತ್ತಿ ಬರುವುದಲ್ಲ, ಮೆಟ್ಟಿಲುಮೆಟ್ಟಿಲಾಗಿ ನಿಂತ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಬೇಕು. ಅದೇ ಸಾಲಿನಲ್ಲಿ ಅದಿರೂ ಬರಬೇಕು. ಹದಿನೈದು ಕಿಲೋದ ಬುಟ್ಟಿಯಾದರೆ ಒಂದು ಘನ ಮೀಟರ್ ಅದಿರಿಗೆ 177 ಬುಟ್ಟಿ. ಆಳ ಹೆಚ್ಚಿದ ಹಾಗೆ ಸಾಲು ಉದ್ದವಾಗುತ್ತದೆ, ಒಸರುವ ನೀರೂ ಹೆಚ್ಚುತ್ತದೆ, ಸಿಗುವ ಚಿನ್ನ ಮಾತ್ರ ಅಷ್ಟೇ. ಎಲ್ಲೋ ಒಂದು ಕಡೆ ತಳದಲ್ಲಿ ಒಡೆಯುವ ಕೈಗಳಿಗಿಂತ ಹೊರುವ ಕೈಗಳಿಗೆ ಹಾಕುವ ಕಾಳೇ ಹೆಚ್ಚಾಗುತ್ತದೆ. ಗಣಿ ಅಲ್ಲಿಗೆ ಸತ್ತಂತೆ.

ಪಂಪಿಲ್ಲದೆ ಸಾಧ್ಯವಿಲ್ಲ ಎನ್ನುವವರು ಒಂದು ನೆನಪಿಡಬೇಕು. ಮೇಲಿಂದ ಹೀರುವ ಪಂಪಿದ್ದರೂ ಅದು ಲೆಕ್ಕದಲ್ಲಿ 10 ಮೀಟರ್, ಕೆಲಸದಲ್ಲಿ ಏಳೆಂಟು ಮೀಟರ್ ಎತ್ತುತ್ತದೆ ಅಷ್ಟೇ. ಅದಕ್ಕಿಂತ ಆಳವಾದರೆ ಪಂಪೇ ಕೆಳಗಿಳಿದು ಮೇಲಕ್ಕೆ ತಳ್ಳಬೇಕು. ಇಂದಿಗೂ ಗಣಿಯ ಪಂಪ್‌ಗಳು ಕೂತಿರುವುದು ಕೆಳಗೇ.

ಮೇಲೆ ಬಂದ ಅದಿರಿನ ಕಥೆ ಇನ್ನೂ ಕಣ್ಣಿಗೆ ಕಾಣುವಂತೆ ಉಳಿದಿದೆ. ಹಟ್ಟಿ, ವಂದಲಿ ಸುತ್ತ ಹಳೇ ಗಣಿ ಇರುವಲ್ಲೆಲ್ಲ ಬರಿಯ ಬಂಡೆಯ ಮೇಲೆ ಬಟ್ಟಲಿನಂಥ ಗುಳಿಗಳು ಸಿಗುತ್ತವೆ. ಬೆಂಕಿ ತಿಂದ ಬೆಣಚು ಆಗಲೇ ಬಿರುಕುಬಿಟ್ಟು ಸಡಿಲವಾಗಿರುತ್ತದೆ, ಗುಳಿಯಲ್ಲಿ ಹಾಕಿ ಕುಟ್ಟಿದರೆ ಬೇಗ ಹುಡಿಯಾಗುತ್ತದೆ. ಆಮೇಲೆ ದೊಡ್ಡ ಗುಂಡುಕಲ್ಲನ್ನು ಬಂಡೆಯ ಮೇಲೆ ಹಿಂದೆ ಮುಂದೆ ತೂಗಾಡಿಸಿ ಹಿಟ್ಟು ಮಾಡುತ್ತಿದ್ದರು. ಹಳ್ಳದ ನೀರು ಸುತ್ತಿ ಕೊರೆದ ಗುಳಿಗೂ ಕುಟ್ಟಿದ ಗುಳಿಗೂ ವ್ಯತ್ಯಾಸ ಹೇಳುತ್ತೇನೆ. ನೀರಿನದು ಹಳ್ಳದ ಪಾತ್ರದಲ್ಲೇ ಇರುತ್ತದೆ, ಆಳವಾಗಿರುತ್ತದೆ, ಕೆಲವೊಮ್ಮೆ ಬಾಯಿಗಿಂತ ಹೊಟ್ಟೆ ಅಗಲ. ಕುಟ್ಟಿದ್ದು ದಿಣ್ಣೆಯ ಮೇಲೂ ಇರುತ್ತದೆ, ಬಾಯಿ ಅಗಲ, ತಳ ಕಿರಿದು, ಮತ್ತು ಒಂಟಿಯಾಗಿ ಇರುವುದು ಅಪರೂಪ. ಒಂದು ಕಂಡರೆ ಸುತ್ತ ಹತ್ತಾರು ಇರುತ್ತವೆ. ಮನುಷ್ಯ ಕುಕ್ಕರುಗಾಲಲ್ಲಿ ಕೂರಲು ಬೇಕಾದಷ್ಟು ಅಂತರದಲ್ಲಿ.

ಹುಡಿಯನ್ನು ಮರದ ಮರಿಗೆಯಲ್ಲಿ ನೀರು ಹಾಕಿ ಜಾಲಿಸಿದರೆ ಚಿನ್ನ ತಳದಲ್ಲಿ ನಿಲ್ಲುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ತೀರಾ ಈಚಿನವರೆಗೂ ಮಾಡುತ್ತಿದ್ದುದು ಇದನ್ನೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾತ್ರ ನೀರಿನೊಡನೆ ಹರಿದುಹೋಗುತ್ತದೆ, ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದೊಳಗೆ ಹುದುಗಿದ್ದು ಬಿಡಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಹಳಬರು ಕಣ್ಣಿಗೆ ಚಿನ್ನ ಕಾಣುವ ಅದಿರನ್ನಷ್ಟೇ ಆರಿಸಿಕೊಂಡು, ಉಳಿದದ್ದನ್ನು ಹಳೇ ಗುಂಡಿಗೆ ತುಂಬಿದರು. ಅವರು ಬಿಸಾಕಿದ್ದೇ ನಂತರದವರಿಗೆ ಅದಿರು.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 19ನೇ ಶತಮಾನದ ಕೊನೆಗೆ ಇಲ್ಲಿ ಮತ್ತೆ ಚಿನ್ನ ಹುಡುಕಲು ಬಂದ ಕಂಪನಿಗಳ ಎಂಜಿನಿಯರುಗಳು ಮಾಡಿದ ಮೊದಲ ಕೆಲಸ ಹಳೇ ಗುಂಡಿ ಎಲ್ಲಿದೆ ಎಂದು ಪಟ್ಟಿ ಮಾಡಿದ್ದು. ಬುದ್ಧಿವಂತಿಕೆ. ಕೋಲಾರ, ಗದಗ, ಹಟ್ಟಿ, ಎಲ್ಲ ಕಡೆಯೂ ಹೊಸ ಗಣಿ ಕೂತದ್ದು ಹಳೇ ಗುಂಡಿಯ ಮೇಲೇ. 1920ರಲ್ಲಿ ಹಟ್ಟಿ ಗಣಿಯ ಕೆಲಸ ನಿಂತುಹೋಗಿ, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. 1956ರ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಅದು ಹಟ್ಟಿ ಗೋಲ್ಡ್ ಮೈನ್ಸ್ ಎನಿಸಿತು.

ಆ ಹುಡುಕಾಟದಲ್ಲೇ ಚಿನ್ನಕ್ಕಿಂತ ದೊಡ್ಡದೊಂದು ಸಿಕ್ಕಿತು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಮಸ್ಕಿಯದರಲ್ಲಿ ಅಸೋಕ ಎಂಬ ಹೆಸರೇ ಇದೆ. ಬ್ರಹ್ಮಗಿರಿಯ ಶಾಸನದಲ್ಲಿ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿ ಬರುವ ಸುವರ್ಣಗಿರಿ ಮಸ್ಕಿಯೋ ಕನಕಗಿರಿಯೋ ಎಂಬ ವಾದ ಇನ್ನೂ ಇದೆ. ಯಾವುದೇ ಆದರೂ ಆ ಹೆಸರು ಈ ಸೀಮೆಗೆ ಸುಮ್ಮನೆ ಬಂದದ್ದಲ್ಲ. ಆದರೆ ಮುಂದೆ ರಾಯಚೂರು ದೋಆಬಿಗಾಗಿ ವಿಜಯನಗರ ಮತ್ತು ಬಹಮನಿಗಳು ಕಾದಾಡಿದ್ದೂ ಚಿನ್ನದ ಗಣಿಗಾಗಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಎರಡು ನದಿಗಳ ನಡುವಿನ ಎರಿ ಭೂಮಿ, ಮುದಗಲ್, ರಾಯಚೂರಿನ ಕೋಟೆ, ಇವೇ ಸಾಕಿತ್ತು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗರ ಮನೆಯ ಹುಡುಗಿ ಕಾರಣ ಎಂದು ಇತಿಹಾಸಕಾರ ಫಿರಿಸ್ತಾ ಬರೆದಿಟ್ಟ. ಅಕ್ಕಸಾಲಿಗರು ಬಂದರು, ಗಣಿ ಬರಲಿಲ್ಲ, ಗಮನಿಸಿ.

ಹೊಸ ಶಾಫ್ಟು ಹಳೆಯದರ ಮೂರೂ ತೊಡಕುಗಳನ್ನು ಬಿಡಿಸಿದ ರೀತಿ ನೋಡಬೇಕು. ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ ಹಟ್ಟಿಯಲ್ಲಿ ಕೇಳಿಬರುವ ಹೆಸರುಗಳು. ಶಾಫ್ಟನ್ನು ರೀಫಿನೊಳಗೆ ತೋಡದೆ ಪಕ್ಕದ ಗಟ್ಟಿ ಕಲ್ಲಿನಲ್ಲಿ ತೋಡಿದರೆ ಕ್ಷೇಮ. ವಾಲಿದ ರೀಫಿನ ಮೇಲಿರುವ ಕಲ್ಲು ಹ್ಯಾಂಗಿಂಗ್ ವಾಲ್, ಕೆಳಗಿರುವುದು ಫುಟ್ ವಾಲ್. ಅದಿರು ತೆಗೆದ ಮೇಲೆ ಹ್ಯಾಂಗಿಂಗ್ ವಾಲ್ ಜಗ್ಗುತ್ತದೆ, ಅಲ್ಲಿ ಶಾಫ್ಟಿದ್ದರೆ ಅದೂ ಸೊಟ್ಟಗಾಗುತ್ತದೆ. ಸೊಟ್ಟ ಶಾಫ್ಟಿನಲ್ಲಿ ಕೇಜ್ (ಜನ ಇಳಿಯುವ ಪಂಜರ) ದಾರಿ ತೋರುವ ಗೈಡ್ ಕಂಬಿಗೆ ಉಜ್ಜುತ್ತದೆ, ಸಿಕ್ಕಿಕೊಳ್ಳುತ್ತದೆ. ಫುಟ್ ವಾಲ್‌ನಲ್ಲಿಟ್ಟರೆ ಆ ಭಯ ಕಡಿಮೆ, ಆದರೆ ರೀಫ್ ದೂರ ವಾಲುತ್ತಾ ಹೋಗುವುದರಿಂದ ಕೆಳಗಿನ ಲೆವೆಲ್ಲುಗಳಲ್ಲಿ (ಗಣಿಯ ಮಹಡಿಗಳಲ್ಲಿ) ಅಡ್ಡ ಸುರಂಗ ಉದ್ದವಾಗುತ್ತದೆ. ಪ್ರತಿ ಲೆವೆಲ್ಲಿಗೆ ಸುಮಾರು 30 ಮೀಟರ್ ಅಂತರ.

ಹೊರೆಗೆ ಉಕ್ಕಿನ ಹಗ್ಗ. ಜನರಿಗೆ ಕೇಜ್, ಅದಿರಿಗೆ ಸ್ಕಿಪ್ ಎಂಬ ತೊಟ್ಟಿ. ಹಗ್ಗದಲ್ಲಿ ಹಾಳಾಗುವುದು ಮೊದಲು ಕೇಜಿಗೆ ಕಟ್ಟಿದ ತುದಿ. ಅಲ್ಲೇ ಬಾಗು, ಅಲ್ಲೇ ಜರ್ಕು, ಅಲ್ಲೇ ನೀರು ನಿಂತು ತುಕ್ಕು. ಅದಕ್ಕೇ ಆ ತುದಿಯನ್ನು ಆಗಾಗ ಕತ್ತರಿಸಿ ಹೊಸದಾಗಿ ಕಟ್ಟುತ್ತಾರೆ. ಕೇಜನ್ನು ಹೆಡ್‌ಗೇರಿನ ಗಾಲಿಗೆ ಬಡಿಯುವಷ್ಟು ಮೇಲೆ ಎಳೆದರೆ ತಡೆಯಲು ಬೇರೆ ಸಾಧನವಿದೆ, ಕೇಜನ್ನು ಹಗ್ಗದಿಂದ ಬಿಡಿಸಿ ಅಲ್ಲೇ ನೇತುಹಾಕುವ ಕೊಕ್ಕೆ. ಶಾಫ್ಟಿನ ತಳದಲ್ಲಿ ನೀರಿನ ಗುಂಡಿ, ಅಲ್ಲಿಂದ ಹಂತಹಂತವಾಗಿ ಪಂಪು. ಗಾಳಿಗೆ ಫ್ಯಾನ್. ಗಣಿ ನಿಯಮದ ಪ್ರಕಾರ ಕೆಲಸದ ಜಾಗದ ಗಾಳಿಯಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕಡಿಮೆ, ಇಂಗಾಲದ ಡೈಆಕ್ಸೈಡ್ ಶೇ. 0.5ಕ್ಕಿಂತ ಹೆಚ್ಚು ಇರಬಾರದು. ಮದ್ದು ಸಿಡಿಸಿದ ಮೇಲೆ ಹೊಗೆ ಹೋಗುವವರೆಗೆ ಕಾಯುವುದು ಮಾತ್ರ ಎರಡು ಸಾವಿರ ವರ್ಷದ ಹಿಂದಿನ ಹಾಗೆಯೇ. ಒಳಗೆ ಹೋದವನ ಮೊದಲ ಕೆಲಸವೂ ಅದೇ: ಉದ್ದ ಕೋಲಿನಿಂದ ಮೇಲೆ ಬಡಿದು, ಟೊಳ್ಳು ಸದ್ದು ಬಂದ ಚಕ್ಕೆಗಳನ್ನು ಬೀಳಿಸುವುದು.

ಹಳೇ ಗಣಿಯ ಹತ್ತಿರ ಹೊಸ ಸುರಂಗ ತೋಡುವಾಗ ದೊಡ್ಡ ಅಪಾಯ ನೀರು. ಮುಚ್ಚಿಹೋದ ಸೀಳಿನಲ್ಲಿ ಶತಮಾನಗಳ ನೀರು ನಿಂತಿರುತ್ತದೆ, ನಕ್ಷೆ ಇರುವುದಿಲ್ಲ. ನೂರು ಮೀಟರ್ ಎತ್ತರದ ನೀರು ತಳದಲ್ಲಿ ಸುಮಾರು 10 ಕಿಲೋ ಪ್ರತಿ ಚದರ ಸೆಂಟಿಮೀಟರ್ ಒತ್ತುತ್ತದೆ. ತೆಳು ಗೋಡೆ ಮದ್ದಿಗೆ ಒಡೆದರೆ ಓಡಲು ಸಮಯವಿಲ್ಲ. ಆದ್ದರಿಂದ ಸುರಂಗಕ್ಕಿಂತ ಮುಂದೆ ಸಣ್ಣ ರಂಧ್ರ ಕೊರೆದು ನೋಡುತ್ತಾರೆ. ನೀರು ಚಿಮ್ಮಿದರೆ ಆ ರಂಧ್ರದಿಂದಲೇ ಸಾವಕಾಶ ಬಸಿಯುತ್ತಾರೆ.

ಅದಿರು ಈಗ ಟನ್ನಿಗೆ ಕೆಲವೇ ಗ್ರಾಂ. ಹಳಬರು ತಿರುಗಿಯೂ ನೋಡದಂಥದ್ದು. ಅದು ದಕ್ಕಿದ್ದು 1887ರ ಸೈನೈಡ್ ವಿಧಾನದಿಂದ. ಹಿಟ್ಟಿನಂತೆ ಅರೆದು, ಸುಣ್ಣ ಹಾಕಿ ಪಿಎಚ್ 10.5ರ ಮೇಲಿಟ್ಟು, ತೆಳು ಸೈನೈಡ್ ದ್ರಾವಣದಲ್ಲಿ ಗಾಳಿ ಊದುತ್ತಾ ಕಲಕಿದರೆ ಕಾಣದ ಚಿನ್ನವೂ ಕರಗುತ್ತದೆ. ಸುಣ್ಣ ಕಡಿಮೆಯಾದರೆ ಸೈನೈಡ್ ವಿಷಾನಿಲವಾಗಿ ಏಳುತ್ತದೆ. ಉಳಿದ ಬೂದು ಹುಡಿಯಲ್ಲಿ ಆರ್ಸೆನಿಕ್ ಇರುತ್ತದೆ. ನೋಡಲು ಒಳ್ಳೆಯ ಮರಳಿನಂತಿದೆ ಎಂದು ಮನೆ ಗಿಲಾಯಿಗೋ ಹೊಲಕ್ಕೋ ಒಯ್ಯಬೇಡಿ.

ಆ ಕಡೆ ಹೋಗುವವರಿಗೆ: ಗಣಿಯೊಳಗೆ ಕಂಪನಿಯ ಅನುಮತಿ ಇಲ್ಲದೆ ಬಿಡುವುದಿಲ್ಲ. ಹೊರಗಿನ ಹಳೇ ಗುಂಡಿಗಳು ತೊಗರಿ, ಜೋಳದ ಹೊಲಗಳ ನಡುವೆ ಸಾಲಾಗಿ ತಗ್ಗುಬಿದ್ದ ಜಾಗಗಳಾಗಿ, ಒಳಗೆ ಜಾಲಿ ಬೆಳೆದು ಕಾಣುತ್ತವೆ. ಸಾಲು ಉತ್ತರ ದಕ್ಷಿಣಕ್ಕಿದ್ದು, ಅಂಚಿನಲ್ಲಿ ಬಿಳಿ ಬೆಣಚಿನ ಚಕ್ಕೆ ರಾಶಿ ಇದ್ದರೆ ಅದು ಹಳೇ ಗಣಿಯೆಂದು ಹೆಚ್ಚುಕಡಿಮೆ ಖಚಿತ. ಪಶ್ಚಿಮದ ಅಂಚಿನಲ್ಲಿ ನಿಲ್ಲಬೇಡಿ. ರೀಫ್ ಆ ಕಡೆಗೆ ವಾಲಿರುವುದರಿಂದ ಕಾಲಡಿಯ ನೆಲ ಪೊಳ್ಳು, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮೇಣದಬತ್ತಿ ಹಿಡಿದು ಒಳಗಿಳಿದು ಗಾಳಿ ಪರೀಕ್ಷೆ ಮಾಡುವ ಸಾಹಸವೂ ಬೇಡ. ಆಮ್ಲಜನಕ ಶೇ. 16–17ಕ್ಕೆ ಇಳಿದ ಮೇಲಷ್ಟೇ ಬತ್ತಿ ಆರುವುದು, ಅಷ್ಟರಲ್ಲಿ ನಿಮ್ಮ ತಲೆ ಮಂಕಾಗಿರುತ್ತದೆ. ಒಳಗಿನ ಪೈರೈಟು, ಕೊಳೆತ ಮರ ಎರಡೂ ಆಮ್ಲಜನಕ ತಿನ್ನುತ್ತವೆ. ಗುಳಿಗಳನ್ನು ನೋಡಲು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲೇ ಸರಿ, ನೆತ್ತಿಯ ಬಿಸಿಲಿನಲ್ಲಿ ಬಂಡೆ ಸಪಾಟಾಗಿ ಕಾಣುತ್ತದೆ. ಹೊಲದ ಯಜಮಾನರನ್ನು ಕೇಳಿಯೇ ಕಾಲಿಡಿ, ಬೆಳೆ ನಿಂತಿರುವಾಗ ಕೇಳಲೂ ಹೋಗಬೇಡಿ. ಹಿಂಗಾರು ಜೋಳ ಕೊಯ್ದ ಮೇಲೆ, ಬಿಸಿಲು ಏರುವ ಮುಂಚಿನ ಕೆಲವು ವಾರಗಳು ಅನುಕೂಲ.